ಮಲ್ಪೆಯ ದ್ವೀಪ, ನೇತ್ರಾಣಿ, ಭದ್ರೆಯ ನಡುಗಡ್ಡೆ: ಎರಡು ದಿನದ ರಜೆಗೆ ಯಾವುದು?

ಚಿಕ್ಕಮಗಳೂರಿನವರಿಗೆ ರಜೆ ಅಂದರೆ ಘಾಟಿ ಇಳಿಯುವುದು. ಶನಿವಾರ ಬೆಳಿಗ್ಗೆ ಬೆಂಗಳೂರಿನ ಕಾರುಗಳು ಮುಳ್ಳಯ್ಯನಗಿರಿ ಕಡೆ ಸಾಲುಗಟ್ಟಿ ಬರುವಾಗ ನಾನು ಮತ್ತು ನನ್ನ ಗೆಳತಿ ಎದುರು ದಿಕ್ಕಿನಲ್ಲಿ ಹೊರಟಿರುತ್ತೇವೆ. ಅವಳಿಗೆ ಹಾಸನದಲ್ಲಿ ಬ್ಯಾಂಕ್ ಕೆಲಸ. ನಾನು ಇಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಕಾಲೇಜಿನಲ್ಲಿ ಐದು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ವರ್ಷಕ್ಕೆ ಎರಡು ಮೂರು ಸಲ. ಅದೂ ಎರಡು ದಿನ, ತುಂಬ ಅಂದರೆ ಎರಡೂವರೆ.

ಅಷ್ಟರಲ್ಲಿ ಒಂದು ದ್ವೀಪ ನೋಡಬೇಕು. ಪ್ರಾಣಿ ಪಕ್ಷಿ ಕಾಣಬೇಕು. ಮರಳಿನಲ್ಲಿ ಬರಿಗಾಲಲ್ಲಿ ನಡೆಯಬೇಕು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಎಲ್ಲರೂ ಅಂಡಮಾನ್ ಅನ್ನುತ್ತಾರೆ. ಅದಕ್ಕೆ ವಿಮಾನವೂ ಬೇಕು, ವಾರದ ರಜೆಯೂ ಬೇಕು. ಹಾಗಾಗಿ ನಮ್ಮ ಕೈಗೆ ಎಟುಕುವ ಮೂರು ಜಾಗಗಳನ್ನು ಒಂದೊಂದಾಗಿ ನೋಡಿ ಬಂದೆವು. ಮಲ್ಪೆ ಎದುರಿನ ಸೇಂಟ್ ಮೇರೀಸ್, ಮುರುಡೇಶ್ವರದ ಆಚೆಯ ನೇತ್ರಾಣಿ, ಆಮೇಲೆ ನಮ್ಮದೇ ಜಿಲ್ಲೆಯ ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳು. ಮೂರನೆಯದರಲ್ಲಿ ಸಮುದ್ರ ಇಲ್ಲ ಅಲ್ವಾ ಅಂತ ನೀವು ಕೇಳಬಹುದು. ನನ್ನ ಗೆಳತಿಯೂ ಅದನ್ನೇ ಕೇಳಿದಳು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೋಗಿದ್ದು ಮಲ್ಪೆಗೆ, ಡಿಸೆಂಬರಿನಲ್ಲಿ. ಅವಳು ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಆರಕ್ಕೆ ಹೊರಟು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಕೊಟ್ಟಿಗೆಹಾರದಲ್ಲಿ ನಿಲ್ಲದೆ ಚಾರ್ಮಾಡಿ ಇಳಿಯುವುದು ನಮ್ಮ ಕಡೆ ರೂಢಿಯಲ್ಲೇ ಇಲ್ಲ. ಘಾಟಿಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಹಿಂಬದಿ ದೀಪ ಮಾತ್ರ ಕಾಣುತ್ತಿತ್ತು. ಉಜಿರೆ, ಬೆಳ್ತಂಗಡಿ, ಕಾರ್ಕಳ ದಾಟಿ ಉಡುಪಿ ಮುಟ್ಟುವಾಗ ಹನ್ನೊಂದು ಗಂಟೆ. ಸ್ವೆಟರ್ ತೆಗೆದು ಹಿಂದಿನ ಸೀಟಿಗೆ ಎಸೆದಿದ್ದಾಯಿತು.

ಮಲ್ಪೆಯಿಂದ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಮಧ್ಯಾಹ್ನ ಹನ್ನೆರಡೂವರೆಗೆ ಇಳಿದೆವು. ಅದು ತಪ್ಪಾಯಿತು. ಶನಿವಾರದ ಮಧ್ಯಾಹ್ನ, ಕಾಲೇಜು ಮಕ್ಕಳ ದೊಡ್ಡ ಗುಂಪು, ಯಾರದೋ ಕೈಯಲ್ಲಿ ಸ್ಪೀಕರ್, ಬಂಡೆ ಮೇಲೆ ಹತ್ತಿದವರನ್ನು ಇಳಿಸಲು ಸೀಟಿ ಊದುತ್ತಲೇ ಇರುವ ಕಾವಲಿನವರು. ನೆರಳು ಅಂದರೆ ತೆಂಗಿನ ಮರದ್ದೇ. ಅದರ ಕೆಳಗೆ ಆಗಲೇ ಚಾಪೆ ಹಾಸಿ ಆಗಿತ್ತು. ಮುಕ್ಕಾಲು ಗಂಟೆಗೆ ನಮಗೆ ಸಾಕಾಯಿತು. ಗೆಳತಿ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಅವಳ ಮುಖ ನನಗೆ ಗೊತ್ತು.

ಅಷ್ಟಕ್ಕೇ ಬಿಟ್ಟು ಬಂದಿದ್ದರೆ ಈ ದ್ವೀಪದ ಬಗ್ಗೆ ನಾನು ಏನೂ ಬರೆಯುತ್ತಿರಲಿಲ್ಲ. ರಾತ್ರಿ ಮಲ್ಪೆಯಲ್ಲೇ ಉಳಿದು ಮರುದಿನ ಮೊದಲ ದೋಣಿಗೆ ಇನ್ನೊಂದು ಸಲ ಹೋದೆವು. ಅದೇ ದ್ವೀಪ, ಆದರೆ ಬೇರೆಯೇ ಜಾಗದ ಹಾಗೆ ಇತ್ತು.

ಅಲ್ಲಿ ನೋಡಬೇಕಾದದ್ದು ಕಲ್ಲು. ಆರು ಮೂಲೆ, ಐದು ಮೂಲೆ, ಕೆಲವು ಕಡೆ ಏಳು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ನನ್ನ ಗೆಳತಿ ಹಾಸನದವಳು, ಬೇಲೂರಿನ ಕಂಬ ನೋಡಿಕೊಂಡೇ ಬೆಳೆದವಳು. ಒಂದು ಕಂಬದ ಅಂಚಿನ ಮೇಲೆ ಬೆರಳಾಡಿಸಿ, "ಇದನ್ನ ಯಾರೂ ಕೆತ್ತಿಲ್ಲ ಅಂದ್ರೆ ನಂಬೋಕಾಗಲ್ಲ ಕಣೇ" ಅಂದಳು. ಕೆತ್ತಿದ್ದು ಬೆಂಕಿ, ಆಮೇಲೆ ಅದು ಆರಿದ ರೀತಿ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲಕ್ಕೇ ಅಂಟಿಕೊಂಡಿದ್ದು ಬೇರೆಯಾಗುವ ಕಾಲದಲ್ಲಿ, ಇಲ್ಲಿ ಲಾವಾ ಉಕ್ಕಿತು. ಅದು ನಿಧಾನಕ್ಕೆ ಆರುವಾಗ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಹೆಂಚು ಹೆಂಚಾಗಿ ಒಡೆಯುತ್ತದಲ್ಲ, ಹಾಗೆಯೇ. ಇಲ್ಲಿ ಬಿರುಕು ಆಳಕ್ಕೂ ಇಳಿದಿದ್ದರಿಂದ ಹೆಂಚಿನ ಬದಲು ಕಂಬಗಳಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಅನ್ನುವ ಕಥೆಯಿದೆ. ಊರವರ ಬಾಯಲ್ಲಿ ಅದಕ್ಕೆ ತೋನ್ಸೆಪಾರ್ ಅಂತಲೂ ಹೆಸರಿದೆ. ನನಗೆ ಈ ಹೆಸರೇ ಇಷ್ಟ.

ಜೀವಜಂತು ಅಂತ ನೋಡಿದರೆ ಸಣ್ಣ ಸಣ್ಣವು. ಅಲೆ ಹಿಂದೆ ಸರಿದ ಕೂಡಲೇ ಓಡಿ ಬಂದು ಕುಕ್ಕಿ, ಅಲೆ ಬಂದ ಕೂಡಲೇ ಓಡಿ ಹೋಗುವ ಪುಟ್ಟ ಹಕ್ಕಿಗಳು. ಬಂಡೆ ಸಂದಿಯಲ್ಲಿ ಏಡಿ. ದಡದ ತುಂಬ ಮರಳಿಗಿಂತ ಚಿಪ್ಪೇ ಜಾಸ್ತಿ. ಬರಿಗಾಲಲ್ಲಿ ನಡೆದರೆ ಚುಚ್ಚುತ್ತದೆ. ಒಂದು ಚಿಪ್ಪು ಎತ್ತಿಕೊಳ್ಳಲು ನಾನು ಬಗ್ಗಿದೆ, ಅದು ಕಾಲು ಬಿಟ್ಟುಕೊಂಡು ನಡೆಯಿತು! ಸನ್ಯಾಸಿ ಏಡಿಗೆ ತನ್ನದೇ ಚಿಪ್ಪು ಇರುವುದಿಲ್ಲ, ಸತ್ತ ಶಂಖದ ಚಿಪ್ಪೇ ಅದರ ಮನೆ. ಬೆಳೆದ ಹಾಗೆ ಮನೆ ಬದಲಾಯಿಸುತ್ತದೆ. ಹಾಗಾಗಿ ದಯವಿಟ್ಟು ಚಿಪ್ಪು ಜೇಬಿಗೆ ಹಾಕಿಕೊಂಡು ಬರಬೇಡಿ. ಖಾಲಿ ಚಿಪ್ಪಿಗೂ ಅಲ್ಲಿ ಬಾಡಿಗೆದಾರರು ಕಾಯುತ್ತಿರುತ್ತಾರೆ.

ಇನ್ನೊಂದು ಮಾತು. ದ್ವೀಪಕ್ಕಿಂತ ಹೆಚ್ಚು ಹಕ್ಕಿ ನಾವು ನೋಡಿದ್ದು ಮಲ್ಪೆ ಬಂದರಿನಲ್ಲಿ. ಮೀನಿನ ದೋಣಿಗಳು ಬರುವ ಹೊತ್ತಿಗೆ ಗರುಡಗಳು ಮೇಲೆ ಸುತ್ತುತ್ತಿದ್ದವು. ಕೆಂಗಂದು ಮೈ, ಬಿಳಿ ತಲೆ. ಒಂದು ನೀರಿಗೆ ಇಳಿದು ಕಾಲಲ್ಲಿ ಮೀನು ಎತ್ತಿಕೊಂಡು ನಮ್ಮ ತಲೆ ಮೇಲೆಯೇ ಹಾದುಹೋಯಿತು. ಇದಕ್ಕೆ ಟಿಕೆಟ್ಟೂ ಇಲ್ಲ, ಕಾಯುವುದೂ ಇಲ್ಲ.

ನೇತ್ರಾಣಿಗೆ ಹೋಗಿದ್ದು ಮರುವರ್ಷ ಜನವರಿಯಲ್ಲಿ. ನಮ್ಮಲ್ಲಿ ಆಗ ಕಾಫಿ ಕೊಯ್ಲಿನ ಗಡಿಬಿಡಿ, ರಜೆ ಕೇಳಲು ನನಗೆ ಸಂಕೋಚವೇ ಆಗಿತ್ತು. ಆದರೆ ನೀರು ತಿಳಿಯಾಗಿರುವುದು ಆ ತಿಂಗಳುಗಳಲ್ಲೇ. ಈ ಸಲ ಕಾರು ಬೇಡ ಅಂತ ಹಾಸನದಿಂದ ರಾತ್ರಿ ರೈಲು ಹಿಡಿದೆವು. ಘಾಟಿ ಮೇಲಿನ ಹಾಸನ, ಸಕಲೇಶಪುರದ ಕಡೆಯವರಿಗೆ ಈ ರೈಲು ದೊಡ್ಡ ಅನುಕೂಲ. ಸಂಜೆ ಊಟ ಮನೆಯಲ್ಲಿ, ಬೆಳಿಗ್ಗೆ ಕಾಫಿ ಮುರುಡೇಶ್ವರದಲ್ಲಿ. ಅವಳ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಅವರೆಕಾಳು ಪಲ್ಯ ಸಕಲೇಶಪುರ ಬರುವ ಮೊದಲೇ ಖಾಲಿಯಾಗಿತ್ತು.

ಮುರುಡೇಶ್ವರದಲ್ಲಿ ಮೊದಲ ದಿನ ಕಡಲತೀರ. 123 ಅಡಿ ಎತ್ತರದ ಶಿವನ ಮೂರ್ತಿಯ ಬೆನ್ನಿಗೆ ಸಮುದ್ರ, ಪಕ್ಕದಲ್ಲಿ ಮರಳು. ಜನ ಇದ್ದರು, ಆದರೆ ಬಡಗಣ ಕಡೆ ಸ್ವಲ್ಪ ನಡೆದರೆ ಮೀನುಗಾರರ ದೋಣಿಗಳೂ ನಾವೂ ಮಾತ್ರ. ಬರಿಗಾಲಲ್ಲಿ ನಡೆಯುವ ಆಸೆ ಸರಿಯಾಗಿ ತೀರಿದ್ದು ಇಲ್ಲೇ. ನಾವು ಬುಕ್ ಮಾಡಿದ್ದ ವಸತಿಗೃಹದವರು ಮಾತ್ರ ರೂಮು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಎರಡು ಗಂಟೆ ಬ್ಯಾಗ್ ಹಿಡಿದು ಮೆಟ್ಟಿಲ ಮೇಲೆ ಕೂರಬೇಕಾಯಿತು. ಶನಿವಾರ ಹೋಗುವವರು ಹಿಂದಿನ ದಿನ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಸಮುದ್ರದೊಳಗೆ ಇದೆ. ದೋಣಿಯಲ್ಲಿ ಒಂದು ಗಂಟೆಗೂ ಮೇಲೆ. ಇದು ಮಲ್ಪೆಯ ದಾರಿಯಲ್ಲ, ತೆರೆದ ಸಮುದ್ರ. ಹೊರಡುವ ಮುಂಚೆ ವಾಂತಿ ಮಾತ್ರೆ ತೆಗೆದುಕೊಳ್ಳಿ ಅಂದಿದ್ದರು. ನಾನು ತೆಗೆದುಕೊಂಡೆ, ಅವಳು ಬೇಡ ಅಂದಳು. ಅರ್ಧ ದಾರಿಯಲ್ಲಿ ಅವಳ ತಲೆ ನನ್ನ ತೊಡೆ ಮೇಲಿತ್ತು. "ದೂರದ ಗೆರೆ ನೋಡಿ ಮೇಡಂ, ಕೆಳಗೆ ನೋಡಬೇಡಿ" ಅಂತ ದೋಣಿಯ ಹುಡುಗ ಹೇಳುತ್ತಲೇ ಇದ್ದ. ನೀರೂ ಆಕಾಶವೂ ಕೂಡುವ ಗೆರೆಯನ್ನೇ ನೋಡುತ್ತ ಕೂತರೆ ನಿಜಕ್ಕೂ ಹೊಟ್ಟೆ ತಿಳಿಯಾಗುತ್ತದೆ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ.

ಹತ್ತಿರ ಹೋದಾಗ ಕಂಡಿದ್ದು ಕಡಿದಾದ ಬಂಡೆಗೋಡೆ, ಮೇಲೆ ಕಾಡು. ಇಳಿಯಲು ಕಡಲತೀರವೇ ಇಲ್ಲ. ಹಳೆಯ ನಕ್ಷೆಗಳಲ್ಲಿ ಇದರ ಹೆಸರು ಪಿಜನ್ ಐಲ್ಯಾಂಡ್. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗವೂ ಹೌದು. ನಮ್ಮಂಥವರು ಮೇಲೆ ಹತ್ತುವುದಿಲ್ಲ, ನೀರಿಗೆ ಇಳಿದು ವಾಪಸ್ ಬರುವುದಷ್ಟೇ. ದೋಣಿ ನಿಂತಾಗ ಬಂಡೆ ಮೇಲಿನ ಮರದಿಂದ ಒಂದು ಹದ್ದು ಎದ್ದಿತು. ಹೊಟ್ಟೆ ಎಲ್ಲ ಬಿಳಿ, ರೆಕ್ಕೆ ಬೂದು, ಗರುಡನಿಗಿಂತ ಬಹಳ ದೊಡ್ಡದು. ಬಿಳಿ ಹೊಟ್ಟೆಯ ಕಡಲ ಹದ್ದು. ನೇತ್ರಾಣಿ ಅದಕ್ಕೆ ತವರು. ವಾಂತಿ ಮಾಡಿ ಸುಸ್ತಾಗಿದ್ದ ಗೆಳತಿ ಅದನ್ನು ನೋಡಿ ಎದ್ದು ಕೂತಳು.

ನಾವು ಬಂದಿದ್ದು ಸ್ಕೂಬಾಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯಲು. ಅದಕ್ಕೆ ಈಜು ಬರಲೇಬೇಕು ಅಂತಿಲ್ಲ. ಮೊದಲ ಸಲದವರನ್ನು ಕಲಿಸುವವರು ಹಿಡಿದುಕೊಂಡೇ ಇರುತ್ತಾರೆ. ಆದರೆ ಆರೋಗ್ಯದ ಫಾರ್ಮಿನಲ್ಲಿ ಸುಳ್ಳು ಬರೆಯಬೇಡಿ. ಉಬ್ಬಸ, ಹೃದಯದ ತೊಂದರೆ ಇದ್ದವರು ಇಳಿಯುವ ಹಾಗಿಲ್ಲ. ನೆಗಡಿ ಇದ್ದರೂ ಬೇಡ. ಕೆಳಗಿಳಿದ ಹಾಗೆ ನೀರಿನ ಒತ್ತಡ ಕಿವಿಯ ಮೇಲೆ ಬೀಳುತ್ತದೆ, ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಅದನ್ನು ಸರಿಮಾಡಿಕೊಳ್ಳಬೇಕು. ಮೂಗು ಕಟ್ಟಿದ್ದರೆ ಅದು ಆಗುವುದಿಲ್ಲ. ಇನ್ನೊಂದು, ನೀರೊಳಗೆ ಹೆಬ್ಬೆರಳು ಎತ್ತಿ ತೋರಿಸಿದರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ ಅರ್ಥ. ಚೆನ್ನಾಗಿದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಗೆಳತಿ ಖುಷಿಯಲ್ಲಿ ಹೆಬ್ಬೆರಳು ಎತ್ತಿ ಒಂದು ಸಲ ಮೇಲೆ ಬಂದೂಬಿಟ್ಟಳು, ಮತ್ತೆ ಇಳಿಯಬೇಕಾಯಿತು.

ಕೆಳಗೆ ಏನಿತ್ತು ಅಂತ ಹೇಗೆ ಹೇಳಲಿ? ಮೊದಲ ಎರಡು ನಿಮಿಷ ನನ್ನ ಉಸಿರಿನ ಶಬ್ದ ಬಿಟ್ಟು ಬೇರೇನೂ ತಿಳಿಯಲಿಲ್ಲ. ಆಮೇಲೆ ಬಂಡೆ ತುಂಬ ಹವಳ ಕಂಡಿತು. ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಬರುತ್ತಿದ್ದವು, ಹಳದಿ ಮೈ ಮೇಲೆ ಕಪ್ಪು ಪಟ್ಟೆ. ಗಿಳಿಯ ಕೊಕ್ಕಿನಂಥ ಬಾಯಿರುವ ಒಂದು ಮೀನು ಬಂಡೆಯನ್ನು ಕಚ್ಚುತ್ತಿತ್ತು. ಕಚ್ಚುವ ಶಬ್ದ ನನಗೆ ಕೇಳಿತು! ಕರಕರ, ಹಪ್ಪಳ ತಿಂದ ಹಾಗೆ. ಅದು ಹವಳದ ಮೇಲಿನ ಪಾಚಿ ಕೆರೆದು ತಿನ್ನುವಾಗ ಹವಳದ ಪುಡಿಯೂ ಹೊಟ್ಟೆಗೆ ಹೋಗುತ್ತದೆ, ಆಮೇಲೆ ಮರಳಾಗಿ ಹೊರಗೆ ಬೀಳುತ್ತದೆ. ಬಿಸಿ ದೇಶಗಳ ಎಷ್ಟೋ ಬಿಳಿ ಕಡಲತೀರಗಳಲ್ಲಿ ಇಂಥ ಮೀನುಗಳು ಮಾಡಿದ ಮರಳೇ ತುಂಬ ಇದೆ. ಬಂಡೆ ಸಂದಿಯಿಂದ ಹಾವಿನಂಥ ಈಲ್ ಒಂದು ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಹೆದರಿಸುತ್ತಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಉಸಿರಾಡುವುದೇ ಹಾಗೆ.

ಅವಳು ಒಂದೂವರೆ ಮಾರು ಆಚೆ ಇದ್ದಳು. ನಾವಿಬ್ಬರೂ ಜೊತೆಗಿದ್ದರೆ ಮಾತು ನಿಲ್ಲುವುದೇ ಇಲ್ಲ. ಆ ಅರ್ಧ ಗಂಟೆ ಒಂದು ಮಾತೂ ಇಲ್ಲ. ಒಂದು ಮೀನಿನ ಹಿಂಡು ನಮ್ಮಿಬ್ಬರ ನಡುವೆ ಹಾದುಹೋಗಲು ಶುರು ಮಾಡಿತು. ಬೆಳ್ಳಿಯ ಪರದೆ ಎಳೆದ ಹಾಗೆ ಅವಳು ಪೂರ್ತಿ ಮರೆಯಾದಳು. ಹಿಂಡು ಮುಗಿದಾಗ ಅವಳು ಅಲ್ಲೇ ಇದ್ದಳು, ಕೈ ಚಾಚಿಕೊಂಡು. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ನಮ್ಮ ಮಲೆನಾಡಿನವರು ತಪ್ಪದೆ ತಿಳಿದುಕೊಳ್ಳಬೇಕಾದ ವಿಷಯ. ಡೈವ್ ಆದಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ಘಾಟಿ ಹತ್ತುವುದೂ ಅದೇ ಲೆಕ್ಕಕ್ಕೆ ಬರುತ್ತದೆ ಅಂತ ಹೇಳುವವರು ಕಡಿಮೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು. ಉಸಿರಿನ ನೈಟ್ರೋಜನ್ ಮೈಯೊಳಗೆ ಕರಗುತ್ತದೆ. ಅದು ನಿಧಾನಕ್ಕೆ ಹೊರಹೋಗಬೇಕು. ಅಷ್ಟರೊಳಗೆ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಏಳಬಹುದು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿದೆ. ಒಂದೇ ಡೈವ್ ಆಗಿದ್ದರೂ ಕಡಿಮೆ ಅಂದರೆ 12 ಗಂಟೆ ಕೆಳಗೇ ಇರಬೇಕು. ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನ ಕಾರು ಹತ್ತಿ ರಾತ್ರಿ ಮನೆ ಸೇರುತ್ತೇವೆ ಅನ್ನುವ ಲೆಕ್ಕ ಹಾಕಬೇಡಿ. ನಾವು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದೆವು. ಸೋಮವಾರ ಅರ್ಧ ದಿನ ರಜೆ ಹೋಯಿತು. ನೇತ್ರಾಣಿಗೆ ಎರಡೂವರೆ ದಿನ ಬೇಕು ಅನ್ನುವುದು ಇದಕ್ಕೇ.

ಮೂರನೆಯದು ಭದ್ರಾ, ಏಪ್ರಿಲ್‌ನಲ್ಲಿ. ಗೆಳತಿಗೆ ಒಪ್ಪಿಸಲು ಎರಡು ವಾರ ಹಿಡಿಯಿತು. "ಡ್ಯಾಮ್ ನೋಡೋಕೆ ಹಾಸನದಿಂದ ಬರ್ಬೇಕಾ ಮಾರಾಯ್ತಿ, ನಮ್ಮ ಗೊರೂರಲ್ಲೇ ಇದೆ" ಅಂತ ಅವಳ ವಾದ. ಬಾ ಸುಮ್ನೆ ಅಂದೆ.

ಸಂತವೇರಿ, ಲಿಂಗದಹಳ್ಳಿ ಮೇಲೆ ತರೀಕೆರೆಗೆ ಇಳಿದೆವು. ವಾರದ ಹಿಂದೆ ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡಿಸುವ ಮಳೆ, ಬಿದ್ದಿತ್ತು. ತೋಟಗಳೆಲ್ಲ ಬೆಳ್ಳಗೆ ಅರಳಿ ನಿಂತಿದ್ದವು. ಕಾರಿನ ಕಿಟಕಿ ಇಳಿಸಿದರೆ ಮಲ್ಲಿಗೆಯಂಥ ಘಮ ಒಳಗೆ ನುಗ್ಗುತ್ತಿತ್ತು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ವರ್ಷವೆಲ್ಲ ಕಾಫಿ ಬೇಳೆಯ ಲೆಕ್ಕ ಬರೆಯುವ ನನಗೆ ಆ ಹೂವು ನೋಡಿದಾಗ ಪ್ರತಿ ಸಲವೂ ಗಂಟಲು ತುಂಬಿ ಬರುತ್ತದೆ. ಮೂರು ಪ್ರವಾಸಗಳಲ್ಲಿ ದಾರಿಯೇ ಅರ್ಧ ರಜೆ ಅನ್ನಿಸಿದ್ದು ಇದೊಂದೇ. ಎರಡೂವರೆ ಗಂಟೆಯೊಳಗೆ ಲಕ್ಕವಳ್ಳಿ.

ಉಳಿದದ್ದು ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್‌ನಲ್ಲಿ. ರಿವರ್ ಟರ್ನ್ ಅಂದರೆ ಒಂದು ಹಕ್ಕಿ, ಅದರ ಹೆಸರನ್ನೇ ಲಾಡ್ಜ್‌ಗೆ ಇಟ್ಟಿದ್ದಾರೆ. ಕನ್ನಡದಲ್ಲಿ ನದಿ ರೀವ. ಬೂದು ಬೆನ್ನು, ಕರಿ ಟೋಪಿ ಹಾಕಿದ ಹಾಗೆ ತಲೆ, ಹಳದಿ ಕೊಕ್ಕು, ಕವಲೊಡೆದ ಉದ್ದ ಬಾಲ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಇಲ್ಲಿ ನಡುಗಡ್ಡೆಗಳು ಕಾಣುವುದೇ ಕಡಿಮೆ. ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟು ಮಟ್ಟ ಇಳಿದ ಹಾಗೆ ಮುಳುಗಿದ್ದ ಗುಡ್ಡಗಳ ನೆತ್ತಿ ಮೇಲೇಳುತ್ತದೆ. ಸುತ್ತ ನೀರು, ಮೇಲೆ ಬರಿ ಕಲ್ಲು ಮಣ್ಣು. ನರಿ, ಬೆಕ್ಕು ಬರುವ ಹಾಗಿಲ್ಲ. ರೀವಗಳಿಗೆ ಅದೇ ಬೇಕಾದದ್ದು. ಸಾವಿರಗಟ್ಟಲೆ ಬಂದು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಅನ್ನುವುದಕ್ಕೆ ಒಂದು ಸಣ್ಣ ತಗ್ಗು, ಅಷ್ಟೇ.

ಬೆಳಿಗ್ಗೆ ದೋಣಿ ಹೊರಟಿತು. ಜಲಾಶಯದಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಇನ್ನೂ ನಿಂತಿವೆ. ಒಂದೊಂದು ಬೊಡ್ಡೆ ಮೇಲೆ ಒಂದೊಂದು ಹಕ್ಕಿ. ನಡುಗಡ್ಡೆ ಕಾಣುವ ಮೊದಲೇ ಕೂಗು ಕೇಳಿತು, ಊರ ಸಂತೆಯ ಹಾಗೆ. ದೋಣಿಯವರು ಸಾಕಷ್ಟು ದೂರದಲ್ಲೇ ಇಂಜಿನ್ ನಿಲ್ಲಿಸಿದರು. ಇನ್ನೂ ಹತ್ತಿರ ಹೋಗಬಹುದಾ ಅಂತ ಹಿಂದೆ ಕೂತಿದ್ದ ಕ್ಯಾಮೆರಾದವರೊಬ್ಬರು ಕೇಳಿದರು. "ಬೇಡ ಸಾರ್. ನಾವು ಹತ್ರ ಹೋದ್ರೆ ತಾಯಿ ಏಳ್ತದೆ. ತಾಯಿ ಎದ್ರೆ ಮೊಟ್ಟೆ ಬೇಯ್ತದೆ" ಅಂದರು ಅವರು. ಏಪ್ರಿಲ್ ಬಿಸಿಲಿಗೆ ಬರಿ ಕಲ್ಲಿನ ಮೇಲಿನ ಮೊಟ್ಟೆ ಸ್ವಲ್ಪ ಹೊತ್ತಿಗೇ ಕೆಡುತ್ತದೆ. ತಾಯಿ ಹಕ್ಕಿ ಕೂರುವುದು ಬಿಸಿ ಕೊಡಲು ಅಷ್ಟೇ ಅಲ್ಲ, ನೆರಳು ಕೊಡಲು. ಆಗಾಗ ಹಾರಿ ಹೋಗಿ ನೀರಿಗೆ ಹೊಟ್ಟೆ ತಾಗಿಸಿ, ಒದ್ದೆ ಗರಿಯಲ್ಲೇ ವಾಪಸ್ ಬಂದು ಮೊಟ್ಟೆ ಮೇಲೆ ಕೂರುತ್ತದೆ. ಬೈನಾಕ್ಯುಲರ್‌ನಲ್ಲಿ ಅದನ್ನು ನಾನು ಮೂರು ಸಲ ನೋಡಿದೆ. ಒಂದು ಗಂಡು ಮೀನು ತಂದು ಹೆಣ್ಣಿನ ಬಾಯಿಗೆ ಕೊಟ್ಟಿತು. ಮೇಲೆ ಒಂದು ಹದ್ದು ಬಂದಾಗ ಇಡೀ ನಡುಗಡ್ಡೆ ಒಟ್ಟಿಗೆ ಎದ್ದು ಅದನ್ನು ಅಟ್ಟಿಸಿಕೊಂಡು ಹೋಯಿತು. ಆಕಾಶ ಬಿಳಿಯಾಯಿತು.

ಇಂಜಿನ್ ನಿಂತಿದ್ದ ಆ ಮುಕ್ಕಾಲು ಗಂಟೆ ನಾವಿಬ್ಬರೂ ಪಿಸುಮಾತಿನಲ್ಲೇ ಮಾತಾಡಿದೆವು. ಹಕ್ಕಿಯ ವಿಷಯದಿಂದ ಶುರುವಾಗಿ ಅವಳ ಅಪ್ಪ ತೀರಿಕೊಂಡ ವರ್ಷದ ಮಾತಿಗೆ ಹೋಯಿತು. ಫೋನಿನಲ್ಲಿ ಅವಳು ಯಾವತ್ತೂ ಹೇಳದೇ ಇದ್ದದ್ದು. ಮಲ್ಪೆಯ ಗಲಾಟೆಯಲ್ಲಿ ಅದು ಬರುತ್ತಿರಲಿಲ್ಲ. ನೇತ್ರಾಣಿಯಲ್ಲಿ ಬಾಯಲ್ಲಿ ಕೊಳವೆ ಇತ್ತು.

ವಾಪಸ್ ಬರುವಾಗ ದಡದ ಹಸಿ ಹುಲ್ಲಿಗೆ ಆನೆಗಳು ಇಳಿದಿದ್ದವು, ಮರಿ ಸೇರಿ ಏಳು. ಸ್ವಲ್ಪ ಆಚೆ ಕಾಟಿಗಳು. ಬೇಸಿಗೆಯಲ್ಲಿ ನೀರು ಇಳಿದ ಜಾಗದಲ್ಲಿ ಹುಲ್ಲು ಚಿಗುರುತ್ತದೆ, ಕಾಡು ಒಣಗಿದಾಗ ಎಲ್ಲವೂ ಅಲ್ಲಿಗೇ ಬರುತ್ತವೆ. ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಮುತ್ತೋಡಿ ಕಡೆ ಕಾಡೊಳಗಿದ್ದ ಊರುಗಳ ಜನ ಆಮೇಲೆ ಮನೆ ಗದ್ದೆ ಬಿಟ್ಟು ಹೊರಗೆ ಬಂದರು. ನಮ್ಮ ಆಫೀಸಿನ ಹಿರಿಯರೊಬ್ಬರು ಅಂಥ ಮನೆಯವರು. ಆ ಆನೆಗಳನ್ನು ನೋಡುವಾಗ ನನಗೆ ಅವರ ನೆನಪೇ ಬಂತು. ಆ ಹುಲ್ಲಿಗೆ ಅವರ ಪಾಲೂ ಇದೆ. ಹುಲಿ ನಮಗೆ ಕಾಣಲಿಲ್ಲ. ನೀರುನಾಯಿ ಎರಡು ಕಂಡವು, ತಲೆ ಮಾತ್ರ.

ಈಗ ಹೋಲಿಕೆಗೆ ಬರುತ್ತೇನೆ. ಕಡಲತೀರ ಬೇಕೇ ಬೇಕು ಅನ್ನುವವರಿಗೆ ಭದ್ರಾ ಆಗುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಕೆಸರು ದಡ, ಮೊಸಳೆಯೂ ಇದೆ, ನೀರಿಗೆ ಕಾಲು ಇಡುವ ಮಾತೇ ಇಲ್ಲ. ಮುರುಡೇಶ್ವರದ ಮರಳು ಒಳ್ಳೆಯದು. ಸೇಂಟ್ ಮೇರೀಸ್‌ನಲ್ಲಿ ನೋಡಲು ಚೆಂದ, ಈಜಲು ಅಪಾಯ. ಬಂಡೆ ಮೇಲೆ ಪಾಚಿ ಇರುತ್ತದೆ, ಕಾವಲಿನವರು ಗುರುತು ಮಾಡಿದ ಜಾಗ ಬಿಟ್ಟು ನೀರಿಗೆ ಇಳಿಯಬೇಡಿ. ಈಜುವ ಆಸೆಯನ್ನು ವಾಪಸ್ ಬಂದು ಮಲ್ಪೆ ಬೀಚಿನಲ್ಲಿ ತೀರಿಸಿಕೊಳ್ಳಿ.

ದುಡ್ಡಿನ ಲೆಕ್ಕ ನನ್ನ ಕಸುಬು. ಮಲ್ಪೆಗೆ ತಲಾ ಎರಡೂವರೆ ಸಾವಿರದೊಳಗೆ ಎಲ್ಲ ಮುಗಿಯಿತು, ಪೆಟ್ರೋಲ್, ರೂಮು, ಎರಡು ಸಲದ ದೋಣಿ, ಬಂಗುಡೆ ಊಟ ಎಲ್ಲ ಸೇರಿ. ನೇತ್ರಾಣಿಯಲ್ಲಿ ಡೈವ್ ಒಂದಕ್ಕೇ ತಲಾ ಐದು ಸಾವಿರದ ಹತ್ತಿರ ಆಯಿತು, ರೂಮು ಊಟ ಬೇರೆ. ಭದ್ರಾ ಮೂರರಲ್ಲಿ ದುಬಾರಿ, ಆದರೆ ಊಟ, ದೋಣಿ ಸಫಾರಿ, ಜೀಪ್ ಸಫಾರಿ ಎಲ್ಲ ಅದರಲ್ಲೇ. ಆಮೇಲೆ ಕೈಯಿಂದ ಏನೂ ಖರ್ಚಾಗಲಿಲ್ಲ.

ತಿಂಗಳು ನೋಡಿ ಆರಿಸುವುದು ಎಲ್ಲಕ್ಕಿಂತ ಮುಖ್ಯ. ಜೂನ್‌ನಿಂದ ಮಳೆಗಾಲ ಮುಗಿಯುವ ತನಕ ಸಮುದ್ರದ ದ್ವೀಪಗಳಿಗೆ ದೋಣಿ ಬಿಡುವುದಿಲ್ಲ. ನೇತ್ರಾಣಿಗೆ ಡಿಸೆಂಬರ್, ಜನವರಿ ಒಳ್ಳೆಯದು. ಮಲ್ಪೆಗೆ ಅಕ್ಟೋಬರ್ ಆದಮೇಲೆ ಯಾವಾಗಲಾದರೂ ಸರಿ, ಆದರೆ ಮೊದಲ ದೋಣಿ, ಆದಷ್ಟೂ ವಾರದ ದಿನ. ರೀವಗಳ ಸಂಸಾರ ನೋಡಬೇಕಾದರೆ ಮಾರ್ಚ್ ಕೊನೆಯಿಂದ ಮೇ ತನಕ. ನವೆಂಬರಿನಲ್ಲಿ ಲಕ್ಕವಳ್ಳಿಗೆ ಹೋಗಿ ನಡುಗಡ್ಡೆಯೇ ಇಲ್ಲ ಅಂತ ಬೇಜಾರಾಗಬೇಡಿ, ಆಗ ಅದು ನೀರಿನ ಅಡಿಯಲ್ಲಿರುತ್ತದೆ.

ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವುದಾದರೆ ಭದ್ರಾ. ಸಣ್ಣ ಮಕ್ಕಳಿದ್ದರೆ ಮಲ್ಪೆ. ನೇತ್ರಾಣಿಗೆ ನಂಬಿಕೆ ಇರುವ ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ, ದೊಡ್ಡ ಗುಂಪು ಬೇಡ.

ಕಾರವಾರದ ಕಡೆಗೂ ಒಂದು ಸಲ ಹೋಗಿದ್ದೆವು. ದೇವಬಾಗದಲ್ಲಿ ಗಾಳಿಮರಗಳ ಕೆಳಗೆ ಮರಳು ಚೆಂದ, ಕಾಳಿ ನದಿ ಸಮುದ್ರ ಸೇರುವಲ್ಲಿ ಡಾಲ್ಫಿನ್‌ಗಳ ಬೆನ್ನೂ ಕಂಡವು. ಆದರೆ ನಮ್ಮೂರಿಂದ ಎರಡು ದಿನಕ್ಕೆ ಅದು ದೂರವಾಯಿತು, ಹಾಗಾಗಿ ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಅಲ್ಲಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುವಾಗ 2019ರ ಜನವರಿಯಲ್ಲಿ ದೋಣಿ ಮಗುಚಿ ಹಲವರು ತೀರಿಕೊಂಡರು. ಅದನ್ನು ನೆನೆದೇ ನನ್ನ ಅಮ್ಮ ಪ್ರತಿ ಸಲ ಲೈಫ್ ಜಾಕೆಟ್ ಹಾಕಿದ ಫೋಟೋ ಕಳಿಸು ಅನ್ನುತ್ತಾರೆ. ಜಾಕೆಟ್ ಎಷ್ಟೇ ಹಳೆಯದಾಗಿರಲಿ, ಬೆವರು ವಾಸನೆ ಇರಲಿ, ಕ್ಲಿಪ್ಪು ಪೂರ್ತಿ ಹಾಕಿಕೊಳ್ಳಿ. ದೋಣಿ ತುಂಬಿದೆ ಅನ್ನಿಸಿದರೆ ಮುಂದಿನದಕ್ಕೆ ಕಾಯಿರಿ.

ನಮ್ಮಿಬ್ಬರಲ್ಲಿ ಇನ್ನೂ ಒಮ್ಮತ ಆಗಿಲ್ಲ. ಅವಳಿಗೆ ನೇತ್ರಾಣಿಯೇ ಮೊದಲು. ಆ ಮೀನಿನ ಹಿಂಡಿನ ಆಚೆ ಬದಿಯಲ್ಲಿ ಅವಳು ಏನು ನೋಡಿದಳೋ, ಅದನ್ನು ಹೇಳಲು ಹೋದಾಗಲೆಲ್ಲ ಅರ್ಧಕ್ಕೆ ನಿಲ್ಲಿಸುತ್ತಾಳೆ. ನನಗೆ ಭದ್ರಾ. ಮರಳಿಲ್ಲ, ಅಲೆಯಿಲ್ಲ, ಆ ನೆಲದ ಮೇಲೆ ನಾನು ಕಾಲೂ ಇಡಲಿಲ್ಲ, ಆದರೂ ಮೂರರಲ್ಲಿ ಅದೇ. ಸೇಂಟ್ ಮೇರೀಸ್ ಮೂರನೆಯದು ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಪ್ಪಿಗೆ. ಮೊದಲ ದಿನ ಬೆಳಿಗ್ಗೆಯೇ ಹೋಗಿದ್ದರೆ ಏನನ್ನುತ್ತಿದ್ದೆವೋ.

ಈ ವರ್ಷ ಹೂಮಳೆ ಬೇಗ ಬಂದಿದೆ. ಮುಂಗಾರಿಗೆ ಮೊದಲಿನ ಮಳೆ ಜೋರಾಗಿ ನೀರು ಏರಿಬಿಟ್ಟರೆ ತಗ್ಗಿನ ಗೂಡುಗಳು ಮುಳುಗುತ್ತವೆ, ಆ ಆತಂಕ ನನಗೆ ಈಗ ಪ್ರತಿ ಬೇಸಿಗೆಯೂ ಇರ‍ುತ್ತದೆ. ನಿನ್ನೆ ಲಕ್ಕವಳ್ಳಿಯ ದೋಣಿಯವರಿಗೆ ಫೋನ್ ಮಾಡಿದ್ದೆ. "ನಡುಗಡ್ಡೆ ಮೇಲೆದ್ದಿದೆಯಾ ಅಣ್ಣ?" ಅಂತ ಕೇಳಿದೆ. "ಎರಡು ಎದ್ದಿವೆ ಅಕ್ಕ. ಹಕ್ಕಿ ಬಂದಾಗಿದೆ. ಮೊಟ್ಟೆ ಇನ್ನೂ ಇಲ್ಲ" ಅಂದರು. ಗೆಳತಿಗೆ ಆ ಮಾತನ್ನು ಹಾಗೇ ಮೆಸೇಜ್ ಮಾಡಿದೆ. ಹತ್ತು ನಿಮಿಷದಲ್ಲಿ ಅವಳ ರಜೆ ಅರ್ಜಿಯ ಫೋಟೋ ಬಂತು.